ಲಿಯೋನಾಳ ಹಾಜರಿ

ಆಲೂಗಡ್ಡೆ ಕೀಳುವ ಕಾಲ ಬಂದರೆ ಉತ್ತರ ಮೇನ್‌ನ ನಮ್ಮೂರ ಶಾಲೆಗೆ ಮೂರು ವಾರ ಬೀಗ. ಮಕ್ಕಳೂ ಹೊಲಕ್ಕೆ, ಟೀಚರೂ ಹೊಲಕ್ಕೆ. ಬೇರೆ ಊರಿನವರು ಕೇಳಿದರೆ ನಗುತ್ತಾರೆ, ನಗಲಿ. ಆದರೆ ಆ ವರ್ಷ ಲಿಯೋನಾಗೆ, ಮನೆತನದ ಹೆಸರೂ ಸೇರಿಸಿ ಹೇಳುವುದಾದರೆ ಲಿಯೋನಾ ಸಿರ್‌ಗೆ, ಮಾತ್ರ ಈ ರಜೆಯನ್ನು ನೆನೆದರೆ ನಿದ್ದೆ ಬರುತ್ತಿರಲಿಲ್ಲ.

ಅವಳ ಮೊಮ್ಮಗ ಕೋಲ್ಬಿಗೆ ಆರು ವರ್ಷ. ಆಟಿಸಂ ಇರುವ ಹುಡುಗ. ತಾಯಿ ಟ್ರಕ್ ಓಡಿಸಿಕೊಂಡು ವಾರಗಟ್ಟಲೆ ದೂರ ಇರುವವಳಾದ್ದರಿಂದ ಅವನು ಬೆಳೆದದ್ದೆಲ್ಲ ಅಜ್ಜಿಯ ಕೈಯಲ್ಲೇ. ಊರ ರೂಢಿಯಂತೆ ಅವಳನ್ನು ಮೆಮೇರ್ ಎನ್ನುತ್ತಿದ್ದ. ಅದುವರೆಗೆ ಒಂಟಿಯಾಗಿ ಪಾಠ ಹೇಳಿಸಿಕೊಂಡವನನ್ನು ಲಿಯೋನಾ ಹಟ ಹಿಡಿದು ಆಗಸ್ಟಿನಲ್ಲಿ ಎಲ್ಲ ಮಕ್ಕಳ ಜೊತೆ ಒಂದನೇ ಕ್ಲಾಸಿಗೆ ಸೇರಿಸಿದ್ದಳು.

ಹೆಡ್‌ಮಿಸ್ ಒಪ್ಪಿದ್ದು ಅರೆಮನಸ್ಸಿನಿಂದ. "ರಜೆ ಮುಗಿದ ಮೇಲೂ ನೀವು ಪಕ್ಕದಲ್ಲಿಲ್ದೆ ಅವನು ಕ್ಲಾಸಲ್ಲಿ ಕೂತ್ಕೊಂಡ್ರೆ ಸರಿ. ಇಲ್ದಿದ್ರೆ ಮತ್ತೆ ಹಳೇ ಏರ್ಪಾಡೇ."

ಕೋಲ್ಬಿ ಕೂತ. ಹಾಜರಿಗೆ ಬಾಯಿ ಬಿಡುತ್ತಿರಲಿಲ್ಲ, ನಿಜ. ಆದರೆ ಹೆಸರುಗಳೆಲ್ಲ ಮುಗಿಯುವ ತನಕ ನಿಂತು ಕೇಳಿ, ಮುಗಿದ ಕೂಡಲೇ ಕೂರುತ್ತಿದ್ದ. ಅಷ್ಟರಲ್ಲಿ ರಜೆ ಬಂತು. ಮೂರು ವಾರದಲ್ಲಿ ಈ ರೂಢಿ ತಪ್ಪಿಹೋದರೆ?

ಮೊದಲ ದಿನ ಬೆನ್ನಿಗೆ ಚೀಲ ಏರಿಸಿಕೊಂಡು ಬಾಗಿಲಲ್ಲಿ ನಿಂತವನು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಲಿಯೋನಾ ಅವನನ್ನೂ ಡ್ಯೂಬೆಯವರ ಹೊಲಕ್ಕೆ ಕರೆದುಕೊಂಡು ಹೋದಳು. ಪ್ರತಿವರ್ಷ ಅಲ್ಲಿ ಆಲೂಗಡ್ಡೆಯಿಂದ ಕಲ್ಲು ಆರಿಸುವ ಕೆಲಸ ಅವಳದು. ಅಲ್ಲಿ ನೋಡಿದರೆ ಕೈಗವಸು ಹಾಕಿಕೊಂಡು ಕೋಲ್ಬಿಯ ಟೀಚರ್! ಅವರು ಡ್ಯೂಬೆಯವರ ಮಗಳೇ. ಕೋಲ್ಬಿ ನೆಟ್ಟಗೆ ಹೋಗಿ ಅವರೆದುರು ನಿಂತ.

"ಏನ್ ಬೇಕಂತೆ ಇವನಿಗೆ?" ಎಂದರು ಮುದುಕ ಡ್ಯೂಬೆ.

ಮಗಳಿಗೆ ಗೊತ್ತಾಯಿತು. ನಿಂತಲ್ಲೇ ಇಡೀ ಕ್ಲಾಸಿನ ಹೆಸರು ಕರೆದರು. ಉತ್ತರಿಸಲು ಒಂದು ಪಿಳ್ಳೆಯೂ ಇಲ್ಲ. ಕೊನೆಗೆ ತಮಾಷೆಗೆ "ಲಿಯೋನಾ ಸಿರ್!" ಎಂದರು.

"ಇದೀನಿ ಮಿಸ್!"

"ಈ ವಯಸ್ಸಲ್ಲಿ ಒಂದನೇ ಕ್ಲಾಸಾ ಲಿಯೋನಾ? ಪಾಸಾಗ್ತೀಯಾ?" ಎಂದು ಮುದುಕ ಕೆಣಕಿದರು.

"ನಿಮ್ ಹೊಲದ ಕಲ್ಲು ಆರ್ಸಿ ಆರ್ಸಿ ತಲೇಲೂ ಕಲ್ಲೇ ತುಂಬಿದೆ. ನೋಡ್ಬೇಕು."

ಕೋಲ್ಬಿ ಮಗುಚಿಟ್ಟ ಬುಟ್ಟಿಯ ಮೇಲೆ ಕೂತ. ರಜೆಯುದ್ದಕ್ಕೂ ಬೆಳಬೆಳಗ್ಗೆ ಇದೇ ನಡೆಯಿತು.

ಶಾಲೆ ತೆರೆಯಿತು. ಹಾಜರಿ ಮುಗಿಯಿತು. ಕೋಲ್ಬಿ ಕೂರಲಿಲ್ಲ! ಕಾರಿಡಾರಿನಲ್ಲಿ ಹೆಡ್‌ಮಿಸ್ ಕೈಕಟ್ಟಿ ನೋಡುತ್ತಿದ್ದರು. ಟೀಚರ್‌ಗೆ ತಟ್ಟನೆ ಹೊಳೆದು "ಲಿಯೋನಾ ಸಿರ್" ಎಂದರು. ಬಾಗಿಲಲ್ಲಿದ್ದ ಲಿಯೋನಾ ನಾಚಿಕೊಂಡೇ "ಇದೀನಿ ಮಿಸ್" ಎಂದಳು. ಮಕ್ಕಳು ಘೊಳ್ಳೆಂದರು, ಹುಡುಗ ಕೂತ.

ಲಿಯೋನಾ ಮಾತ್ರ ಮನೆಯ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ದಿನಾ ಅಜ್ಜಿ ಬಂದು ಹಾಜರಿ ಹೇಳಬೇಕಾದರೆ ಹೆಡ್‌ಮಿಸ್ ಹೇಳಿದ ಹಳೇ ಏರ್ಪಾಡೇ ಗತಿಯಲ್ಲ!

ಮಾರನೆಯ ದಿನ ಅವನನ್ನು ಒಳಗೆ ಬಿಟ್ಟು, ಕಾರಿಡಾರಿನಲ್ಲಿ ನೇತುಹಾಕಿದ್ದ ಜಾಕೆಟ್ಟುಗಳ ಹಿಂದೆ ಅವಿತಳು. ಒಂದನೇ ಕ್ಲಾಸಿನವರ ಜಾಕೆಟ್ಟಿಗೆ ಅವಳ ಮೈ ಎಷ್ಟು ಮರೆಯಾದೀತು!

"ಲಿಯೋನಾ ಸಿರ್?"

ಬಾಯಿಗೆ ಬಂದ ಉತ್ತರ ತಡೆದು ಲಿಯೋನಾ ತುಟಿ ಕಚ್ಚಿಕೊಂಡಳು.

"ಇಲ್ಲ," ಎಂದಿತು ಒಂದು ಸಣ್ಣ ದನಿ. ಕ್ಲಾಸಿನಲ್ಲಿ ಅದುವರೆಗೆ ಯಾರೂ ಕೇಳಿರದ ದನಿ. "ಮೆಮೇರ್ ಮನೇಲಿದಾಳೆ."

ಕುರ್ಚಿ ಎಳೆದು ಕೂತ ಸದ್ದಾಯಿತು. ಲಿಯೋನಾಳ ಕಣ್ಣು ತುಂಬಿ ಬಂತು. ಎದುರಿಗೆ ಹೆಡ್‌ಮಿಸ್ ನಿಂತಿದ್ದರು.

"ಕೇಳಿಸ್ಲಿಲ್ವಾ? ನೀವು ಮನೇಲಿದೀರಂತೆ," ಎಂದು ಅವರು ಪಿಸುಗುಟ್ಟಿ ಬಾಗಿಲ ಕಡೆ ಕೈ ತೋರಿಸಿದರು. "ನಡೀರಿ, ನಡೀರಿ."

ಸುಳ್ಳು ಹೇಳಲು ಬಾರದ ಹುಡುಗ ಅವನು. ಅವನ ಮಾತು ಸುಳ್ಳಾಗದಿರಲೆಂದು ಲಿಯೋನಾ ಮನೆ ಸೇರುವ ತನಕ ಎಲ್ಲೂ ನಿಲ್ಲಲಿಲ್ಲ.