ಬೆನ್ನು ಹಾಕಿ ಕೇಳಿದ ಸದ್ದು

ನಮ್ಮ ಮನೆಯ ತಲಬಾಗಿಲ ಹಿಂದೆ, ಕೊಡೆಯೂ ಅವ್ವನ ಹೊಲದ ಚೀಲವೂ ನೇತಾಡುವ ಮೊಳೆಗಳ ಪಕ್ಕದಲ್ಲಿ, ಒಂದು ಹಿತ್ತಾಳೆಯ ಎತ್ತಿನ ಗಂಟೆ ಇದೆ. ಅದರ ನಾಲಗೆಗೆ ಹಳೆಯ ಧೋತರದ ಚೂರೊಂದನ್ನು ಸುತ್ತಿ ಕಟ್ಟಿದ್ದರಿಂದ, ಬಾಗಿಲು ಎಷ್ಟು ಜೋರಾಗಿ ಬಡಿದುಕೊಂಡರೂ ಅದು ಹಲ್ಲುನೋವಿನವರ ಹಾಗೆ ಬಾಯಿ ಮುಚ್ಚಿಕೊಂಡೇ ಇರುತ್ತಿತ್ತು. ಕಟ್ಟಿದವನು ನಮ್ಮಪ್ಪ. ಒಂದು ಮುಂಜಾನೆ ಧೂಳು ಒರೆಸಲೆಂದು ಅದನ್ನು ಕೈಗೆತ್ತಿಕೊಂಡವನು, ಒಮ್ಮೆ ಅಲ್ಲಾಡಿಸಿ, ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ಅಲ್ಲಾಡಿಸಿ, ಏನೂ ಕೇಳದೆ ಹೋದಾಗ ನಮ್ಮತ್ತ ನೋಡದೆಯೇ ಬಟ್ಟೆ ಸುತ್ತಿ ಮೊಳೆಗೆ ಸಿಕ್ಕಿಸಿಬಿಟ್ಟ. ಎತ್ತುಗಳಂತೂ ಎಂದೋ ಹೋಗಿದ್ದವು. ಅಂದು ಗಂಟೆಯೂ ಹೋಯಿತು.

ಗೆಳೆಯರೇ, ಆ ಗಂಟೆಯ ಮಾತು ಅಪ್ಪನ ಪಾಲಿಗೆ ಸಣ್ಣದಲ್ಲ. ಎತ್ತು ಕೊಳ್ಳಲು ಜಾಣರನ್ನು ಕರೆದೊಯ್ಯುವುದು ಎಲ್ಲ ಕಡೆಯೂ ಇದೆ, ಆದರೆ ಗಂಟೆ ಆರಿಸಲು ಹಾನಗಲ್ಲಿನವರೂ ಸವಣೂರಿನವರೂ ನಮ್ಮೂರು ಮಾಸೂರಿನ ತನಕ ಬಂದು ನಮ್ಮಪ್ಪನನ್ನು ಕರೆದೊಯ್ಯುತ್ತಿದ್ದರು. ಅಂಗಡಿಯಲ್ಲಿ ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸಿ ನೋಡುವವರನ್ನು ಕಂಡರೆ ಅವನಿಗೆ ನಗು. ಅವನು ಗಂಟೆಯನ್ನು ಎತ್ತಿನ ಕೊರಳಿಗೆ ಕಟ್ಟಿಸಿ, ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು, ಹೊಲದ ಹಾದಿಯಲ್ಲಿ ಕಣ್ಮರೆಯಾಗುವಷ್ಟು ದೂರ ನಡೆಸಿ, ತಾನು ಆ ಹಾದಿಗೆ ಬೆನ್ನು ಹಾಕಿ ಕುಳಿತು ಕೇಳುತ್ತಿದ್ದ. “ಗಂಟಿ ಎತ್ತಿಗಲ್ಲವಾ, ಮನ್ಯಾಗ ಹಾದಿ ಕಾಯೋರಿಗೆ” ಎನ್ನುತ್ತಿದ್ದ. ಎತ್ತು ಮನೆ ಮುಟ್ಟುವ ಮೊದಲೇ ಒಲೆಯ ಮೇಲೆ ನೀರು ಕಾದಿರಬೇಕು, ಅದು ಒಳ್ಳೆಯ ಗಂಟೆಯ ಲಕ್ಷಣ.

ಎತ್ತುಗಳ ಕಾಲ ಮುಗಿದ ಮೇಲೂ ಅಪ್ಪ ಆ ಕೆಲಸ ಬಿಟ್ಟಿರಲಿಲ್ಲ. ಸಂಜೆಯಾಗುತ್ತಲೇ ಬಾಗಿಲ ಕಟ್ಟೆಯ ಮೇಲೆ ಕುಳಿತು, ಮದಗದ ಕೆರೆಯ ಏರಿಯ ಕಡೆಯಿಂದ ಬರುವ ಬಂಡಿ ಬೈಕುಗಳನ್ನೆಲ್ಲ ಸದ್ದಿನಿಂದಲೇ ಗುರುತಿಸಿ, ನನ್ನ ಸರದಿ ಬಂದಾಗ ಒಳಗೆ ಕೂಗುತ್ತಿದ್ದ: “ಬಂದ್ಲು, ಚಾ ಇಡು.” ಅವ್ವ ಚಹಾ ಇಡುತ್ತಿದ್ದುದು ಗಡಿಯಾರ ನೋಡಿಯಲ್ಲ, ಆ ಕೂಗು ಕೇಳಿ. ಆದರೆ ಹೋದ ವರ್ಷದಿಂದ ಅಪ್ಪನ ಲೆಕ್ಕ ತಪ್ಪತೊಡಗಿತು. ನನ್ನ ಕಾರು ಬಂದು ಮುಂದೆ ನಿಂತಾಗ ಬೆಚ್ಚಿಬಿದ್ದು, ಬೆಚ್ಚಿದ್ದಕ್ಕೆ ನಾಚಿಕೊಂಡು, ಕೊನೆಗೆ ಕಟ್ಟೆ ಬಿಟ್ಟು ಒಳಗಿನ ಮಂಚ ಹಿಡಿದ. ಸಣ್ಣ ದನಿಗಳು ಹೋಗಿವೆ, ದಪ್ಪ ದನಿಗಳು ಇನ್ನೂ ಇವೆ ಎಂದು ಡಾಕ್ಟರು ಹೇಳಿ ಕಿವಿಗೊಂದು ಯಂತ್ರ ಕೊಟ್ಟರು. ಅದನ್ನು ಹಾಕಿಕೊಂಡ ಅಪ್ಪ, “ಜಗತ್ತೆಲ್ಲಾ ತಗಡಿನ ಡಬ್ಬಿ ಆಗೇತಿ” ಎಂದು ಅದನ್ನೇ ಡಬ್ಬಿಯಲ್ಲಿಟ್ಟ. ಖಾಲಿ ಕಟ್ಟೆಯ ಮುಂದೆ ಕಾರು ನಿಲ್ಲಿಸುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಇನ್ನು ನನ್ನ ಕಾರಿನ ವಿಷಯ. ನಾನು ಬೀಜೋತ್ಪಾದನೆಯ ಹೊಲಗಳ ಮೇಲ್ವಿಚಾರಣೆ ಮಾಡುವವಳು. ಹಿರೇಕೆರೂರು, ಹಾನಗಲ್, ಶಿಗ್ಗಾವಿಗಳ ನಡುವೆ ದಿನವೂ ಸುತ್ತಾಟ. ಹಾಗೆ ಸುತ್ತಲು ಜೀಪು ಸಾಕಿತ್ತು. ಆದರೆ ಹುಬ್ಬಳ್ಳಿಯಲ್ಲಿ ಯಾರೋ ಮಾರುತ್ತಿದ್ದ ಕೆಂಪು ಟರ್ಬೊ ಕಾರೊಂದನ್ನು ಕಂಡ ದಿನ ಬುದ್ಧಿ ಒಂದು ಹೇಳಿತು, ಕಾಲು ಇನ್ನೊಂದು ಒತ್ತಿತು. “ಬದನಿ ಬೀಜ ನೋಡಾಕ ರೇಸಿನ ಗಾಡಿ ಯಾಕ್ರೀ ಅಕ್ಕಾರ?” ಎಂದು ಹೊಲದವರು ಕೇಳಿದರೆ ಈಗಲೂ ಬದನೆಯ ಸಾಲಿಗೆ ಇಳಿದುಬಿಡುತ್ತೇನೆ. ಓಟದಲ್ಲಿ ಅದು ಕುದುರೆ, ಸದ್ದಿನಲ್ಲಿ ಮಾತ್ರ ಬೆಕ್ಕು. ಎಂಜಿನ್ನಿನ ಉಸಿರನ್ನು ಕಂಪನಿಯವರು ಅಷ್ಟೊಂದು ಅದುಮಿಟ್ಟಿದ್ದರು. ಅದಕ್ಕೊಂದು ಒಳ್ಳೆಯ ಕಂಠದ ಸೈಲೆನ್ಸರ್ ಹಾಕಿಸುವ ಆಸೆ ಮೊದಲಿನಿಂದಲೂ ಇತ್ತು. ಸದ್ದು ಬೇಕೆಂದು ಸೈಲೆನ್ಸರ್ ಕೊಳ್ಳುವುದು, ಉಪವಾಸಕ್ಕೆಂದು ಹೋಳಿಗೆ ಮಾಡಿದಂತೆ ಎಂದು ನೀವು ನಗಬಹುದು. ಅಪ್ಪನಿಗಾಗಿಯೇ ಹಾಕಿಸಿದೆ ಎಂದರೆ ಅರ್ಧ ಸುಳ್ಳು. ಆಸೆ ನನ್ನದೇ, ಅಪ್ಪನ ಕಿವಿ ಅದಕ್ಕೊಂದು ಮರ್ಯಾದೆಯ ಕಾರಣ ಕೊಟ್ಟಿತು, ಅಷ್ಟೆ.

ಸವಣೂರಿನ ದೊಡ್ಡ ಹುಣಸೆ ಮರಗಳಿಗೆ ತುಸು ದೂರದಲ್ಲಿ ದಾದಾಪೀರನ ಗ್ಯಾರೇಜು. ಲಾರಿಗಳ ಹೊಟ್ಟೆಯ ಕೆಳಗೇ ಪ್ರಾಯ ಕಳೆದವನು, ಮಾತುಗಾರ, ತನ್ನ ವೆಲ್ಡಿಂಗಿನ ಬಗ್ಗೆ ಅಪಾರ ಅಭಿಮಾನ. ಹೊಗೆ ಶುದ್ಧಿ ಮಾಡುವ ಭಾಗಕ್ಕೆ ಕೈ ಹಚ್ಚಬಾರದು, ಕಾಯ್ದೆ ಒಪ್ಪುವಷ್ಟೇ ಸದ್ದಿರಬೇಕು ಎಂಬ ನನ್ನ ಎರಡು ಷರತ್ತುಗಳಿಗೆ ಒಪ್ಪಿ, ನಾನು ಆರಿಸಲೆಂದು ಎರಡು ಸೈಲೆನ್ಸರುಗಳನ್ನು ತರಿಸಿದ್ದ. ಒಂದು ಗಿಡ್ಡ, ಥಳಥಳ ಹೊಳೆಯುವಂಥದು. ಇನ್ನೊಂದು ಉದ್ದ ಕೊಳವೆಯ, ಗುಡಾಣದಂಥ ಹೊಟ್ಟೆಯದು. ಅದರೊಳಗೆ ತೂತು ಕೊರೆದ ನಳಿಗೆ, ಸುತ್ತಲೂ ಗಾಜಿನ ನಾರಿನ ಹತ್ತಿ.

ಮೊದಲು ಗಿಡ್ಡದ್ದನ್ನು ಸಿಕ್ಕಿಸಿ, ನನ್ನನ್ನು ಸ್ಟೀರಿಂಗಿನ ಮುಂದೆ ಕೂರಿಸಿ, “ಒತ್ರಿ ಮೇಡಮ್ಮಾರ” ಎಂದ. ಒತ್ತಿದೆ. ಮೈಯೆಲ್ಲ ಜುಮ್ಮೆಂದಿತು, ಎದೆಯ ಗೂಡಿನಲ್ಲೇ ಯಾರೋ ಗರ್ಜಿಸಿದಂತಾಯಿತು. “ಹುಲಿ ಆತಿಲ್ಲ?” ಎಂದು ಅವನು ನಕ್ಕ. ಅದನ್ನೇ ಗಟ್ಟಿ ಮಾಡು ಎನ್ನಲು ಬಾಯಿ ತೆರೆದವಳಿಗೆ ಅಪ್ಪನ ಬೆನ್ನು ನೆನಪಾಯಿತು. ನಾನು ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸುತ್ತಿದ್ದೆ. ಕೀಲಿಕೈ ದಾದಾಪೀರನಿಗೆ ಕೊಟ್ಟು, ಹಾನಗಲ್ ರಸ್ತೆಯಲ್ಲಿ ದೂರ ಹೋಗಿ ತಿರುಗಿ ಬಾ ಎಂದು ಕಳಿಸಿ, ರಸ್ತೆಗೆ ಬೆನ್ನು ಹಾಕಿ ಬೇಲಿಯ ಬದಿಯಲ್ಲಿ ನಿಂತೆ.

ಒಳಗೆ ಹುಲಿಯಾಗಿದ್ದದ್ದು ಹೊರಗೆ ಗುಂಗಾಡಾಗಿತ್ತು, ಬರೀ ಸೊಳ್ಳೆ. ಸಣ್ಣಗೆ, ಚೂಪಾಗಿ, ತಗಡು ಹರಿದಂತೆ ಬಂದ ಆ ದನಿ ಅಪ್ಪನ ಕಿವಿಯಿಂದ ಎಂದೋ ಹೊರಟುಹೋಗಿದ್ದ ದನಿಗಳ ಬಳಗಕ್ಕೇ ಸೇರಿದ್ದು. “ಎಲ್ಲಾರೂ ಒಳಗ ಕುಂತು ಕೇಳ್ತಾರ್ರಿ, ನೀವ್ಯಾಕ ಬೆನ್ನ ತಿರಿವಿ ನಿಂತೀರಿ?” ಎಂದು ಗೊಣಗುತ್ತಲೇ ದಾದಾಪೀರ ಅದನ್ನು ಬಿಚ್ಚಿ, ಗುಡಾಣದ ಹೊಟ್ಟೆಯದನ್ನು ರಬ್ಬರಿನ ಕೊಂಡಿಗಳಿಗೆ ತೂಗಿಬಿಟ್ಟು, ಬಂಪರಿಗೆ ತಾಗದಂತೆ ಬೆರಳಿಟ್ಟು ಸಂದು ನೋಡಿ, ಬೋಲ್ಟು ಬಿಗಿದು ಮತ್ತೆ ಹೊರಟ. ನಾನು ಮತ್ತೆ ಬೆನ್ನು ಹಾಕಿದೆ.

ಬಿಸಿಲು ಇಳಿದಿತ್ತು. ಗೋವಿನಜೋಳದ ಗರಿಗಳು ಒಂದಕ್ಕೊಂದು ಉಜ್ಜುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಅಂಗಾಲಿಗೆ ಏನೋ ತಾಗಿದಂತಾಯಿತು. ಕೇಳಿತೆನ್ನುವುದಕ್ಕಿಂತ ಮೊದಲು ತಿಳಿಯಿತು. ದೂರದ ಮಳೆಯ ಗುಡುಗಿನಂತೆ, ಜೋರಿಲ್ಲದೆ, ಅವಸರವಿಲ್ಲದೆ ಅದು ನೆಲದ ಮೇಲೆ ಹಾಸಿಕೊಂಡು ಬಂತು. ನನ್ನ ಕಾರು ಬರುತ್ತಿತ್ತು, ನಾನು ಅದರೊಳಗಿರಲಿಲ್ಲ. ನಿಮಗೆಂದಾದರೂ ಹೀಗಾಗಿದೆಯೇ? ಇಷ್ಟು ವರ್ಷ ಎಲ್ಲೆಲ್ಲಿಗೋ ಹೋಗಿ ಬಂದವಳು ನಾನು, ಆದರೆ ನನ್ನ ಬರವು ಹೇಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಬಲ್ಲವರು ಕಟ್ಟೆಯ ಮೇಲೆ ಕುಳಿತವರು, ಒಲೆಯ ಮುಂದೆ ನಿಂತವರು. ದಿನವೂ ಸಂಜೆ ಅಪ್ಪ ನನ್ನನ್ನು ನನಗಿಂತ ಮೊದಲು ಮನೆ ಮುಟ್ಟಿಸಿಕೊಳ್ಳುತ್ತಿದ್ದ. ಹಾಗೆ ನೆನೆಯುತ್ತ ನಿಂತವಳು, ದಾದಾಪೀರ ಬಂದು ಹಾರ್ನ್ ಹೊಡೆದರೂ ತಿರುಗಲಿಲ್ಲ.

ಅದೇ ಸಂಜೆ, ಹೊಸ ಉಕ್ಕಿನ ಎಣ್ಣೆ ಸುಡುವ ವಾಸನೆಯೊಂದಿಗೆ ಮನೆ ಮುಟ್ಟಿದೆ. ಕಟ್ಟೆ ಖಾಲಿ. ಅಪ್ಪ ಒಳಗಿನಿಂದ ಲಗುಬಗೆಯಿಂದ ಹೊರಗೆ ಬಂದು, “ಯಾರದರ ಲಾರಿ ಬಂತೇನು?” ಎಂದ. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ಅಳು ಬರುವುದೊಂದು ಬಾಕಿ. ಸದ್ದು ಅವನಿಗೆ ಕೇಳಿತ್ತು, ನಿಜ, ಆದರೆ ನನ್ನದಾಗಿ ಕೇಳಿರಲಿಲ್ಲ.

ಅಪ್ಪ ನಗಲಿಲ್ಲ. ಕಾರಿನ ಹಿಂದೆ ಹೋಗಿ ಬಗ್ಗಿ, ಟಿಕ್ ಟಿಕ್ ಎಂದು ಆರುತ್ತಿದ್ದ ಕೊಳವೆಯನ್ನು ನೋಡಿ, ಡಿಕ್ಕಿಯ ಮೇಲೆ ಅಂಗೈ ಇಟ್ಟ.

“ಹೊಸಾ ಗಂಟಿ ಕಟ್ಟೀಯೇನು?” ಎಂದು ಕೇಳಿದ.

ತಲೆಯಾಡಿಸಿದೆ.

“ಹಂಗಾರ ಮನಿಗೆ ಗುರ್ತ ಮಾಡಸಬೇಕಿಲ್ಲ? ಹೊಳ್ಳಿ ಹೋಗು. ಕೆರಿ ಏರಿ ಮಟ ಹೋಗಿ ಬಾ.” ಹೊಸ ಗಂಟೆ ಕಟ್ಟಿದ ದಿನ ಎತ್ತನ್ನು ಹಾದಿಗೆ ಹೊರಳಿಸಿ ಮತ್ತೆ ಮನೆಗೆ ಕರೆತರುವುದು ನಮ್ಮ ಮನೆಯ ರೂಢಿ. ನಾನು ಮರೆತಿದ್ದೆ. ಅಪ್ಪ ಎಷ್ಟೋ ತಿಂಗಳ ಮೇಲೆ ಕಟ್ಟೆಯ ಬಳಿ ಹೋಗಿ, ಟವೆಲ್ಲಿನಿಂದ ಧೂಳು ಕೊಡವಿ, ರಸ್ತೆಗೆ ಬೆನ್ನು ಹಾಕಿ ಕುಳಿತ.

ಏರಿಯ ಮೇಲೆ ಕಾರು ತಿರುಗಿಸಿದೆ. ಈ ಸಲವೂ ತಪ್ಪಿದರೆ ಅವನು ಮತ್ತೆಂದೂ ಆ ಕಟ್ಟೆಗೆ ಬರುವವನಲ್ಲ, ನನಗದು ಗೊತ್ತಿತ್ತು. ಸಾಲದ್ದಕ್ಕೆ ಕಬ್ಬಿನ ಟ್ರ್ಯಾಕ್ಟರೊಂದು ನನ್ನ ಮುಂದೆ ಸೇರಿಕೊಂಡು ಗುಡುಗುತ್ತ ಊರ ಕಡೆಗೇ ಸಾಗಿತು. ಅದನ್ನು ದಾಟಲು ಹಾದಿ ಇರಲಿಲ್ಲ. ಹಿಂದೆ ಉಳಿದು, ಅಷ್ಟೊಂದು ಓಡಬಲ್ಲ ಕಾರನ್ನು ಎತ್ತಿನ ನಡಿಗೆಯಲ್ಲಿ ಓಡಿಸಿಕೊಂಡು ಬಂದೆ.

ಮನೆಯ ಮುಂದೆ ಇಳಿದಾಗ ಅಪ್ಪ ಇನ್ನೂ ಬೆನ್ನು ತಿರುಗಿಸಿಯೇ ಕುಳಿತಿದ್ದ. ಅವ್ವ ಒಳಗಿನಿಂದ ಚಹಾದ ಬಟ್ಟಲು ಹಿಡಿದು ಬಂದಳು, ಬಸಿದಾಗಿತ್ತು, ಹೊಗೆಯಾಡುತ್ತಿತ್ತು.

“ಟ್ರ್ಯಾಕ್ಟರ್ ಹೋತು, ಇದಲ್ಲ ಅಂದ್ರು” ಎಂದಳು. “ಅದಕ್ಕೂ ಮೊದಲ, ನನಗ ಏನೂ ಕೇಳಿರಲಿಲ್ಲ, ಕಟ್ಟಿ ಮ್ಯಾಲ ಅಂಗೈ ಊರಿ, ಆಕಿ ಏರಿ ಇಳದ್ಲು, ಚಾ ಇಡು ಅಂದ್ರು.”

ನಾನು ಕಟ್ಟೆಯ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ಚಹಾ ಕುಡಿದೆ. ಅಪ್ಪ ಎದ್ದು ಒಳಗೆ ಹೋಗಿ, ಮೊಳೆಯಿಂದ ಗಂಟೆಯನ್ನು ತೆಗೆದು, ಧೋತರದ ಗಂಟನ್ನು ಹಲ್ಲಿನಿಂದ ಬಿಚ್ಚಿ, ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತ ಒಂದು ಸಲ ಅಲ್ಲಾಡಿಸಿದ. ಎಷ್ಟೋ ದಿನಗಳ ಮೇಲೆ ಅದು ಮಾತಾಡಿತು.

“ಹೆಂಗೈತಿ?” ಎಂದು ಅಪ್ಪ ಕೇಳಿದ.

“ಮೊದಲಿನಂಗ ಐತಿ” ಎಂದಳು ಅವ್ವ, ಅವನಿಗೆ ಕೇಳುವಂತೆ ಗಟ್ಟಿಯಾಗಿ.

“ನಿಮಗ ಕೇಳ್ತೈತಲ್ಲ, ಇರ್ಲಿ ಬಿಡು” ಎಂದು ಅಪ್ಪ ಅದನ್ನು ಬಾಯಿ ಕಟ್ಟದೆಯೇ ಮೊಳೆಗೆ ತೂಗಿಹಾಕಿ, ಕತ್ತಲಾಗುವ ತನಕ ಕುಳಿತಿರಲೆಂದು ಕಟ್ಟೆಗೆ ಹೋದ.