ಉತ್ತರದ ಬಿಸಿಲು

ಡಾಕ್ಟರ್ ಸುಮಿತ್ರಾ ಬಿಸಿಲನ್ನು ಮುಟ್ಟಿ ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಕೈಯ ಹಿಂಬದಿಯನ್ನು ಮುಂದೆ ಚಾಚಿ, ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ‘ಇವತ್ತು ಪರವಾಗಿಲ್ಲ’ ಎಂದು ಒಳಗೆ ಹೋಗುತ್ತಿದ್ದರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಈ ಮೈಸೂರಿನ ಹೆಂಗಸು ಸೂರ್ಯನನ್ನು ದೇವರೆಂದುಕೊಂಡಿರಲಿಲ್ಲ. ದಿನಾ ವಿಚಾರಿಸಿಕೊಳ್ಳಬೇಕಾದ ರೋಗಿ ಎಂದುಕೊಂಡಿದ್ದರೇನೋ.

ಅವರ ಸೀರೆಯ ಬಣ್ಣ ನನಗೆ ನೆನಪಿಲ್ಲ. ನೆನಪಿದೆ ಎಂದು ಬರೆದರೆ ಅದು ನಾನು ಈಗ ಉಡಿಸಿದ ಸೀರೆ. ನೆನಪಿರುವುದು ಧ್ವನಿ, ಮತ್ತೆ ಆ ಕೈ.

ಟೆಲಿಕಾಂ ಕಂಪನಿಯ ಕೆಲಸಕ್ಕೆಂದು ನಾನು ಬೆಂಗಳೂರಿನಿಂದ ನೈರೋಬಿಗೆ ಬಂದಾಗ ಅವರು ಅಲ್ಲಿಯೇ ಬೇರೂರಿ ದಶಕಗಳಾಗಿದ್ದವು. ಸೌತ್ ಬಿ ಎಂಬ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಪಕ್ಕದಲ್ಲೇ ಅವರ ಕ್ಲಿನಿಕ್. ಅದರ ಜೀವವೆಲ್ಲ ಒಂದು ಫ್ರಿಜ್ಜಿನಲ್ಲಿತ್ತು, ಮಕ್ಕಳ ಲಸಿಕೆಯ ಫ್ರಿಜ್ಜು. ಕರೆಂಟು ಹೋದಾಗಲೆಲ್ಲ ಬೀದಿಯ ಜನರೇಟರುಗಳು ಹೊಗೆ ಕಾರುತ್ತ ಗುಡುಗುತ್ತಿದ್ದವು. ಡಾಕ್ಟರು ಮಾತ್ರ ತಾರಸಿಯ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಿದರು. ಮೈಸೂರಿನ ಅಣ್ಣನ ಮನೆಯ ಸೋಲಾರ್ ಹೀಟರನ್ನು ನೆನೆದು, ಅದರ ಹಾಗೆಯೇ ದಕ್ಷಿಣಕ್ಕೆ ಚೆನ್ನಾಗಿ ಓರೆಯಾಗಿ ನಿಲ್ಲಿಸಲು ಹೇಳಿದರು. ನನಗೂ ಅದು ಸರಿಯಾಗಿಯೇ ಕಂಡಿತು. ನಮ್ಮೂರಿನ ತಾರಸಿಗಳೆಲ್ಲ ಹಾಗೇ ತಾನೇ?

ಸದ್ದಿಲ್ಲ, ಹೊಗೆಯಿಲ್ಲ. ಬೀದಿ ಕತ್ತಲಾದರೂ ಫ್ರಿಜ್ಜು ಗುನುಗುತ್ತಿತ್ತು. ಲಸಿಕೆಗೆ ಬಂದ ತಾಯಂದಿರು ಫೋನುಗಳನ್ನೂ ಅಲ್ಲಿಯೇ ಚಾರ್ಜ್ ಮಾಡಿಕೊಳ್ಳುತ್ತಿದ್ದರು. ನರ್ಸ್ ವಾಂಜಿರು ರೇಗಿದರೆ, ಬಿಸಿಲಿಗೆ ಬಾಗಿಲು ಹಾಕೋಕಾಗುತ್ತೇನಮ್ಮ ಎಂದು ಡಾಕ್ಟರು ಕನ್ನಡದಲ್ಲೇ ಕೇಳುತ್ತಿದ್ದರು. ವಾಂಜಿರುವಿಗೆ ಅರ್ಥವಾಗುತ್ತಿತ್ತು ಎಂದೇ ನನ್ನ ನಂಬಿಕೆ.

ಜುಲೈ ಬಂತು. ನೈರೋಬಿಯ ಜುಲೈ ಎಂದರೆ ಬೂದಿ ಬಳಿದ ಆಕಾಶ, ಸ್ವೆಟರು. ಅದೇ ವಾರ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ದಿನಗಟ್ಟಲೆ ಕರೆಂಟಿಲ್ಲ. ಬಿಸಿಲೂ ಇಲ್ಲ. ಬ್ಯಾಟರಿಯ ದೀಪ ಕೆಂಪಾಯಿತು. ಡಾಕ್ಟರು ಲೈಟುಗಳನ್ನು ಆರಿಸಿದರು, ಕಂಪ್ಯೂಟರನ್ನು ಆರಿಸಿದರು, ಬಾಗಿಲು ತೆರೆದಿಟ್ಟು ಮಂಕು ಬೆಳಕಿನಲ್ಲೇ ರೋಗಿಗಳನ್ನು ನೋಡಿದರು. ಇದ್ದ ಐಸ್ ಪ್ಯಾಕುಗಳೂ ಕರಗಿದವು. ಫ್ರಿಜ್ಜಿನ ಥರ್ಮಾಮೀಟರು ಎಂಟು ಡಿಗ್ರಿಯತ್ತ ಏರುತ್ತಿತ್ತು. ಎಂಟು ದಾಟಿದರೆ ಒಳಗಿದ್ದದ್ದೆಲ್ಲ ಕಸಕ್ಕೆ. ಬೆಂಚಿನ ಮೇಲೆ, ಮಟಾಟು ವ್ಯಾನು ಹತ್ತಿ ದೂರದಿಂದ ಬಂದ ತಾಯಂದಿರು ಕೂಸುಗಳೊಂದಿಗೆ ಕೂತಿದ್ದರು. ‘ಪೋಲೆ, ಡಾಕ್ಟರ್’ ಎಂದು ವಾಂಜಿರು ಸ್ವಾಹಿಲಿಯಲ್ಲಿ ಸಮಾಧಾನ ಹೇಳಿದಳು.

ಮಧ್ಯಾಹ್ನ ಮೋಡ ಸ್ವಲ್ಪ ಹರಿದು ತೆಳು ಬಿಸಿಲು ಬಿತ್ತು. ನಾವು ತಾರಸಿಗೆ ಓಡಿದೆವು. ಡಾಕ್ಟರು ಪ್ಯಾನಲ್ ನೋಡಲಿಲ್ಲ, ನೀರಿನ ಟ್ಯಾಂಕಿನ ಬುಡ ನೋಡುತ್ತ ನಿಂತುಬಿಟ್ಟರು.

‘ಶ್ರೀಧರ, ನೆರಳು ಎಲ್ಲಿ ಬಿದ್ದಿದೆ ನೋಡು.’

ದಕ್ಷಿಣಕ್ಕೆ ಬಿದ್ದಿತ್ತು. ನನಗೆ ಹೊಳೆಯಲಿಲ್ಲ.

‘ನಾವು ಭೂಮಧ್ಯರೇಖೆಯ ದಕ್ಷಿಣಕ್ಕೆ ಇದ್ದೀವಿ ಕಣೋ. ಈ ತಿಂಗಳು ಸೂರ್ಯ ಉತ್ತರದಲ್ಲಿದ್ದಾನೆ. ಇವು ಅವನಿಗೆ ಬೆನ್ನು ಹಾಕ್ಕೊಂಡು ಕೂತಿವೆ. ಇಷ್ಟು ವರ್ಷ ಇಲ್ಲಿದ್ದು, ನಾನು ಮೈಸೂರಿನ ತಾರಸಿನೇ ತಂದು ಇಟ್ಟಿದ್ದೀನಿ ನೋಡು.’

ಅವರು ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ. ಒಂದೊಂದು ಸಲ ಒಂದೊಂದು ಥರ ನೆನಪಾಗುತ್ತದೆ. ವಾಂಜಿರು, ಡಾಕ್ಟರು, ನಾನು ಸೇರಿ ಬೋಲ್ಟು ಬಿಚ್ಚಿ, ಸ್ಟ್ಯಾಂಡುಗಳನ್ನು ಒಂದೊಂದಾಗಿ ಎಳೆದು ಉತ್ತರಕ್ಕೆ ತಿರುಗಿಸಿದೆವು. ಕೆಳಗಿಳಿದು ಫ್ರಿಜ್ಜಿನ ಎದುರು ನಿಂತೆವು. ಅಷ್ಟು ದೂರದ ಬೆಂಕಿ, ಮೋಡದ ಹರಕಿನಿಂದ ಇಳಿದು, ಒಂದು ತಂತಿ ಹಿಡಿದು ಬಂದು ಈ ಸಣ್ಣ ಪೆಟ್ಟಿಗೆಯನ್ನು ತಣ್ಣಗಿಡಬೇಕು. ಕೊನೆಗೆ ಮೋಟಾರು ಒಮ್ಮೆ ನಡುಗಿ ಗುನುಗತೊಡಗಿತು. ಮುಳ್ಳು ಎಂಟರ ಹೊಸ್ತಿಲಿನಿಂದ ಹಿಂದೆ ಸರಿಯಿತು. ಅಷ್ಟು ದೊಡ್ಡ ಸದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಂದಿನಿಂದ ವರ್ಷಕ್ಕೆರಡು ಸಲ ಪ್ಯಾನಲ್ ತಿರುಗಿಸುವುದು ಕ್ಲಿನಿಕ್ಕಿನ ಪದ್ಧತಿಯಾಯಿತು. ಆ ವಾರ ಪೂರ್ತಿ ಬರಿದಾಗಿದ್ದ ಬ್ಯಾಟರಿಗಳು ಮತ್ತೆ ಚೇತರಿಸಿಕೊಳ್ಳಲಿಲ್ಲ. ಹೊಸವನ್ನು ತರಿಸಬೇಕಾಯಿತು. ಸತ್ತವನ್ನು ಗುಜರಿಯವರಿಗೆ ಕೊಡಲು ಡಾಕ್ಟರು ಒಪ್ಪಲಿಲ್ಲ. ಅವರು ಒಡೆದು ಸೀಸ ಕರಗಿಸುತ್ತಾರೆ, ಆ ವಿಷದ ಹೊಗೆ ಕುಡಿದ ಮಕ್ಕಳೂ ನನ್ನ ಹತ್ತಿರವೇ ಬರಬೇಕು ಎಂದಿದ್ದರು. ಅವು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಉಳಿದವು.

ಕೊನೆಗೆ ಅವರನ್ನು ನೋಡಿದ್ದು ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಯಲ್ಲಿ. ತುಂಬ ಸೋತಿದ್ದರು. ಹಣ್ಣು ತಂದದ್ದಕ್ಕೆ ಬೈದರು.

‘ನನ್ನ ನೋಡಿದ್ದು ಸಾಕಪ್ಪ. ಡಿಸೆಂಬರ್ ಬಂತು, ಅವನು ದಕ್ಷಿಣಕ್ಕೆ ಹೋಗಿದ್ದಾನೆ. ಹೋಗಿ ತಿರುಗಿಸು. ಇವತ್ತು ಮಕ್ಕಳು ಬರೋ ದಿನ.’

ಹೋದೆ. ಕೊನೆಯ ಬೋಲ್ಟು ಬಿಗಿಮಾಡುತ್ತಿದ್ದಾಗ ಕೆಳಗಿನಿಂದ, ಸೂಜಿ ಚುಚ್ಚಿಸಿಕೊಂಡ ಯಾವುದೋ ಕೂಸಿನ ಅಳು ಕೇಳಿಸಿತು. ಉದ್ದನೆಯ, ಸಿಟ್ಟಿನ ಅಳು. ಡಾಕ್ಟರು ತೀರಿಹೋದದ್ದು ಅದೇ ಸಂಜೆಯೋ ಮರುದಿನವೋ, ನಾನು ಯಾರನ್ನೂ ಕೇಳಿ ಖಚಿತಪಡಿಸಿಕೊಂಡಿಲ್ಲ. ಆ ಅಳು ನಿಲ್ಲುವವರೆಗೆ ತಾರಸಿಯಲ್ಲೇ ನಿಂತಿದ್ದೆ. ಅಷ್ಟು ಮಾತ್ರ ನಿಜ.