ಕೂತು ನೋಡದೆ ಕೊಡದ ಕುರ್ಚಿ

ನಮ್ಮಪ್ಪನನ್ನು ಬೈಯುವ ಹಕ್ಕು ನನ್ನೊಬ್ಬಳದು. ಬೇರೆ ಯಾರಾದರೂ ಬಾಯಿ ಹಾಕಿದರೆ ಅವರ ಜನ್ಮ ಜಾಲಾಡಿಬಿಡುತ್ತೇನೆ. ಆದರೆ ಪುಟ್ಟಮಾದಯ್ಯನವರ ವಿಷಯ ಹೇಳಬೇಕೆಂದರೆ ಅಪ್ಪನನ್ನು ಬೈಯದೆ ಗತಿಯಿಲ್ಲ.

ಪುಟ್ಟಮಾದಯ್ಯನವರು ಭೀಮನಬೀಡಿನವರು. ಬೆತ್ತದ ಕುರ್ಚಿ ರಿಪೇರಿ ಮಾಡುವುದು ಅವರ ಕಸುಬು. ಹುಟ್ಟಿದ್ದು ಕೂಲಿಯವರ ಮನೆಯಲ್ಲಿ. ಮೀಸೆ ಚಿಗುರುವ ವಯಸ್ಸಿಗೆ ವೈನಾಡಿನ ಕಾಫಿ ತೋಟಕ್ಕೆ ಕಳೆ ಕೀಳಲು ಹೋದರು. ಅಲ್ಲಿ ಬಂಗಲೆಯ ವರಾಂಡದಲ್ಲಿ ಕುರ್ಚಿ ಕಟ್ಟುತ್ತಿದ್ದ ಮಲಯಾಳಿ ಮುದುಕನೊಬ್ಬನ ಪಕ್ಕ ಕೂತು ಕೆಲಸ ಕಲಿತು ಊರಿಗೆ ಬಂದರು. ಬೆತ್ತಕ್ಕೆ ಕೊನೆಯವರೆಗೂ ‘ಚೂರಲು’ ಎಂದೇ ಅನ್ನುತ್ತಿದ್ದರು. ಚಾಮರಾಜನಗರದ ವಕೀಲರ ಮನೆ, ಗುಂಡ್ಲುಪೇಟೆಯ ಡಾಕ್ಟರ ಮನೆ, ಮದ್ದೂರಿನ ಫಾರೆಸ್ಟ್ ಬಂಗಲೆ, ಎಲ್ಲಿ ಅಂಗಳದಲ್ಲಿ ಬೆತ್ತದ ಕುರ್ಚಿಯಿತ್ತೋ ಅಲ್ಲಿಗೆ ಬೆತ್ತದ ಸುರುಳಿ ಹೆಗಲಿಗೇರಿಸಿಕೊಂಡು ಬರುತ್ತಿದ್ದರು.

ಬಂದವರೇ ಮೊದಲು ಹೆಂಗಸರಿಗೆ ಪಾಠ. ನಾವೆಲ್ಲ ಬೆಳಗ್ಗೆ ಕುರ್ಚಿ ಎತ್ತಿಡದೆ ಸುತ್ತಲೂ ಸಗಣಿನೀರು ಚೆಲ್ಲಿ ಅಂಗಳ ಸಾರಿಸುತ್ತಿದ್ದೆವಲ್ಲ, ಅದಕ್ಕೆ.

“ದಿನಾ ನೀರಲ್ಲಿ ನಿಲ್ಸುದ್ರೆ ನಿಮ್ ಕಾಲೇ ಕೊಳೀತದೆ ಕಣಮ್ಮಿ, ಇನ್ನು ಚೂರಲು ಕೊಳೀದೆ ಇದ್ದದ? ಎತ್ತಿ ಜಗಲಿ ಮೇಲಿಟ್ಟು ಸಾರ್ಸಿ!”

ಜೋತುಬಿದ್ದ ಸೀಟನ್ನು ಬಿಸಿನೀರಿನ ಬಟ್ಟೆಯಿಂದ ಅಡಿಯಿಂದ ಒರೆಸಿ ನೆರಳಲ್ಲಿ ಒಣಗಲು ಬಿಡುತ್ತಿದ್ದರು. ಸಂಜೆಯ ಹೊತ್ತಿಗೆ ಅದು ತಾನಾಗಿ ಬಿಗಿಯುತ್ತಿತ್ತು. ಹುಳು ಕೊರೆದ ತೂತಿಗೆ ಸೀಮೆಎಣ್ಣೆ ಬಿಡುತ್ತಿದ್ದರು. ಕೊಳೆತ ಕಟ್ಟು ಕೊಯ್ದು ಹೊಸ ಸೀಳುಬೆತ್ತವನ್ನು ನೆನೆಸಿ ಸುತ್ತುತ್ತಿದ್ದರು. ಇದೆಲ್ಲ ಮುಗಿದ ಮೇಲೆ ಒಂದು ಕೆಲಸವಿತ್ತು. ಆ ಕುರ್ಚಿಯಲ್ಲಿ ತಾವೇ ಕೂರುತ್ತಿದ್ದರು. ಮೂರು ಸಲ ಹಿಂದಕ್ಕೂ ಮುಂದಕ್ಕೂ ವಾಲಿ, ಕಣ್ಣು ಮುಚ್ಚಿ, ಕಟ್ಟುಗಳ ಸದ್ದು ಕೇಳುತ್ತಿದ್ದರು. ಕೂತು ನೋಡದ ಕುರ್ಚಿಯನ್ನು ಅವರು ಯಾರಿಗೂ ಕೊಟ್ಟವರಲ್ಲ.

ಐವತ್ತನಾಲ್ಕನೇ ಇಸವಿಯಲ್ಲಿ ನನಗೆ ಹದಿನಾರು ವರ್ಷ. ನಮ್ಮ ಮಠದ ಸ್ವಾಮಿಗಳ ಪಾದಪೂಜೆ ನಮ್ಮ ಮನೆಯಲ್ಲೇ ಎಂದು ಗೊತ್ತಾಯಿತು. ಅಪ್ಪ, ಅಂದರೆ ಬೆಲ್ಲದ ಮಂಡಿಯ ಶಾಂತಮಲ್ಲಪ್ಪ, ನೆಲದ ಮೇಲೆ ನಡೆಯುವುದನ್ನೇ ಮರೆತುಬಿಟ್ಟರು. ಸ್ವಾಮಿಗಳಿಗೆ ಎಪ್ಪತ್ತು ದಾಟಿತ್ತು, ಸ್ಥೂಲ ಶರೀರ, ಮಂಡಿನೋವಿನಿಂದ ಕೆಳಗೆ ಕೂರಲಾಗುತ್ತಿರಲಿಲ್ಲ. ಚಪ್ಪರದಡಿ ನಮ್ಮ ದೊಡ್ಡ ಕೈಕುರ್ಚಿ ಹಾಕುವುದೆಂದಾಯಿತು. ಅದರ ಜೊತೆಗೆ ಉಳಿದ ಐದು ಕುರ್ಚಿಗಳನ್ನೂ ಸರಿಮಾಡಲು ಪುಟ್ಟಮಾದಯ್ಯನವರಿಗೆ ಹೇಳಿಕಳಿಸಿದರು.

ಐದು ಕುರ್ಚಿ ಮುಗಿದವು. ಐದರಲ್ಲೂ ಅವರು ನಮ್ಮಜ್ಜಿ ಗಂಗಾಂಬಿಕೆಯ ಎದುರಿಗೇ ಕೂತು ಎದ್ದರು. ಅಜ್ಜಿ ಎಲೆಯಡಿಕೆ ಮೆಲ್ಲುತ್ತಾ ನೋಡುತ್ತಿದ್ದಳು. ಪೂಜೆಯ ಹಿಂದಿನ ದಿನ ಮಧ್ಯಾಹ್ನ ಕೈಕುರ್ಚಿಯೂ ಮುಗಿಯಿತು. ಇನ್ನೇನು ಕೂರಬೇಕು, ಅಪ್ಪ ಮಂಡಿಯಿಂದ ಬಂದುಬಿಟ್ಟರು.

“ಏಯ್, ಏನ್ಲಾ ಮಾಡ್ತಿದ್ದೀಯ? ಸ್ವಾಮಿಗಳು ಕೂರೋ ಪೀಠ ಕಣ್ಲಾ ಅದು! ಅದ್ರ ಮೇಲೆ ನಾನೇ ಕೂರಲ್ಲ, ನೀನ್ ಕೂತ್ಕಂಡಿಯಾ?”

“ಕೂತು ನೋಡ್ಬೇಕು ಬುದ್ಧಿ.”

“ಮಡಿನೀರಲ್ಲಿ ತೊಳೆದು ಒಳಗಿಡ್ಬೇಕು. ಸರಿ ಅತ್ಲಾಗಿ.”

ಪುಟ್ಟಮಾದಯ್ಯನವರು ಸರಿಯಲಿಲ್ಲ. ಹಂಗಳದ ಶಿವರುದ್ರಸ್ವಾಮಿ ಮೇಷ್ಟ್ರ ವಿಷಯ ಹೇಳಿದರು. ಕಸುಬಿಗೆ ಹೊಸಬರಾಗಿದ್ದಾಗ, ಮೇಷ್ಟ್ರ ಎದುರು ಕೂರುವುದು ಹೇಗೆಂದು ಹೆದರಿ ಒಂದು ಕುರ್ಚಿಯನ್ನು ಹಾಗೇ ಕೊಟ್ಟಿದ್ದರಂತೆ. ಕಾಲು ಕಳಚಿ ಮೇಷ್ಟ್ರು ಬಿದ್ದರು. ಸೊಂಟ ಮುರಿಯಿತು. ಮತ್ತೆ ಅವರು ಸ್ಕೂಲಿನ ಮೆಟ್ಟಿಲು ಹತ್ತಲಿಲ್ಲ.

“ಮರ್ವಾದೆ ಕೊಡ್ತೀನಿ ಅಂತ ಅವ್ರ ಸೊಂಟ ಮುರ್ದುಬುಟ್ಟೆ ಬುದ್ಧಿ. ಇನ್ನೊಬ್ರದ್ದು ಮುರಿಯಾಕಿಲ್ಲ.”

ಅಪ್ಪನಿಗೆ ತಲೆಗೆ ಹೋಗಬೇಕಲ್ಲ! ಮುಖ ಕೆಂಪಗೆ ಮಾಡಿಕೊಂಡು ಕೂಗಿದರು. “ಕುರ್ಚಿ ಕೊಟ್ಬುಟ್ಟು ಹೋದ್ರೆ ಸರಿ. ಇಲ್ಲ ಅಂದ್ರೆ ಈ ತಾಲ್ಲೂಕಲ್ಲಿ ಒಬ್ರ ಮನೆ ಬಾಗಿಲೂ ನಿಂಗೆ ತೆಗೆಯಂಗಿಲ್ಲ, ನಾನ್ ನೋಡ್ಕತೀನಿ.”

ಅದು ಬಾಯಿಮಾತಲ್ಲ. ಅಪ್ಪ ಒಂದು ಮಾತು ಹೇಳಿದ್ದರೆ ಪುಟ್ಟಮಾದಯ್ಯನವರು ಮತ್ತೆ ವೈನಾಡಿಗೆ ಕಳೆ ಕೀಳಲು ಹೋಗಬೇಕಾಗುತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ನಾನು ಇನ್ನಷ್ಟು ಹಿಂದೆ ಸರಿದೆ. ಆ ಮನುಷ್ಯ ಮಾತ್ರ ಸೊಂಟದ ಚೂರಿ ತೆಗೆದು, ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಎರಡು ದಿನ ಕಷ್ಟಪಟ್ಟು ಸುತ್ತಿದ್ದ ಕಟ್ಟನ್ನು ತಾವೇ ಕೊಯ್ಯಲು ಹೊರಟರು.

“ಅಂಗಾರೆ ನಾನ್ ಕಟ್ಟಿದ್ದ ನಾನೇ ಬಿಚ್ಕತೀನಿ ಬುದ್ಧಿ. ಕುರ್ಚಿ ಮೊದ್ಲೆಂಗಿತ್ತೋ ಅಂಗೇ ಇಟ್ಕಳಿ.”

“ಅಯ್ಯೋ, ತಡ್ಕಳಪ್ಪ! ನಾನೇ ಕೂತ್ಕತೀನಿ,” ಎಂದಳು ಜಗಲಿಯಿಂದ ಅಜ್ಜಿ.

“ನೀವ್ ಕೂತ್ರೆ ಕುರ್ಚಿಗೆ ಗೊತ್ತೇ ಆಗಕಿಲ್ಲ ಕಣವ್ವ.”

ಅಜ್ಜಿ ಇದ್ದದ್ದೇ ಒಂದು ಹಿಡಿ. ನಗು ಬಂದರೂ ನುಂಗಿಕೊಂಡು ಮಗನ ಕಡೆ ತಿರುಗಿದಳು. “ಮಲ್ಲಪ್ಪ, ನಾಳೆ ಬೀಳೋರು ಸ್ವಾಮಿಗಳು ಕಣಪ್ಪ. ಅಷ್ಟು ಜನದ ಮುಂದೆ ಬಿದ್ರೆ ನಿನ್ ಮಡಿ ಬಂದು ಅವ್ರನ್ನ ಎತ್ತೀತ?”

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ನಿಂತು, “ನಾನು ನೋಡಿಲ್ಲ. ಅದೇನ್ ಮಾಡ್ಕತೀಯೋ ಬೇಗ ಮಾಡ್ಕೊ,” ಎಂದರು.

ನಮ್ಮ ಕಡೆ ದೊಡ್ಡವರು ಬಿಟ್ಟುಕೊಡುವ ರೀತಿಯೇ ಅದು. ಬೇರೆ ಯಾರಾದರೂ ಆಗಿದ್ದರೆ ಸಾಕಪ್ಪಾ ಎಂದು ಕೂತು ಎದ್ದುಬಿಡುತ್ತಿದ್ದರು. ಪುಟ್ಟಮಾದಯ್ಯನವರು ನಿಂತೇ ಇದ್ದರು.

“ತಿರುಗ್ಕಳಿ ಬುದ್ಧಿ. ನೀವು ಅತ್ಲಾಗಿ ತಿರುಗ್ಕಂಡಾಗ ಕೂತ್ರೆ ಕಳ್ಳ ಕೂತಂಗಾಯ್ತದೆ. ಇದು ನನ್ ಕೆಲ್ಸ.”

ಅಬ್ಬಾ, ಆ ಧೈರ್ಯವೇ! ಅಪ್ಪ ಹೊಡೆದೇಬಿಡುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ತಿರುಗಿದರು.

ಪುಟ್ಟಮಾದಯ್ಯನವರು ಹೆಗಲ ಟವೆಲಿನಿಂದ ಸೀಟು ಒರೆಸಿ, ಕೂತು, ವಾಲಿದರು. ಎರಡನೇ ಸಲಕ್ಕೆ ಹಿಂದಿನ ಎಡಗಾಲು ‘ಕಿರ್’ ಎಂದಿತು. ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು. ನನಗೇ ನಾಚಿಕೆಯಾಯಿತು, ಅವರಿಗೆ ಆಗಲಿಲ್ಲ.

“ನನ್ ತಪ್ಪೇಯ. ಸೀಳು ನೆನೆದದ್ದು ಸಾಲ್ದು,” ಎಂದು ಎದ್ದು, ಆ ಕಾಲಿನ ಕಟ್ಟೊಂದನ್ನೇ ಕೊಯ್ದು, ಹೊಸ ಸೀಳು ನೆನೆಸಿ, ಹಲ್ಲು ಕಚ್ಚಿ ಎಳೆದು ಸುತ್ತಿದರು. ನೆರಳಲ್ಲಿ ಆರಲು ಬಿಟ್ಟರು. ಅಪ್ಪ ಮಂಡಿಗೆ ವಾಪಸು ಹೋಗಲೇ ಇಲ್ಲ. ಆ ಎಡಗಾಲನ್ನೇ ನೋಡುತ್ತಾ ಅಂಗಳದಲ್ಲಿ ಸುತ್ತಾಡುತ್ತಿದ್ದರು.

ಸಾಯಂಕಾಲ ಪುಟ್ಟಮಾದಯ್ಯನವರು ಮತ್ತೆ ಕೂತರು. ವಾಲಿದರು. ಸದ್ದಿಲ್ಲ. ಆದರೂ ಏಳಲಿಲ್ಲ.

“ಇನ್ನೂ ಎಷ್ಟೊತ್ಲಾ?” ಎಂದರು ಅಪ್ಪ. ದನಿಯಲ್ಲಿ ಮಧ್ಯಾಹ್ನದ ಬಿಸಿ ಇರಲಿಲ್ಲ.

“ನಾಳೆ ಸ್ವಾಮಿಗಳು ಎಷ್ಟೊತ್ತು ಕೂತ್ಕಂಡಾರೋ ಅಷ್ಟೊತ್ತು ಬುದ್ಧಿ.”

ಪಾದಪೂಜೆಗೆ ಒಂದು ಗಂಟೆಯಾದರೂ ಬೇಕು. ಅಪ್ಪ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತರು. ಕಾಲು ಬದಲಾಯಿಸಿದರು. ಕೂಲಿಯವನು ಕುರ್ಚಿಯಲ್ಲಿ, ಯಜಮಾನ ನಿಂತುಕೊಂಡು! ನಮ್ಮ ಬೀದಿ ಅಂಥದ್ದನ್ನು ಕಂಡೇ ಇರಲಿಲ್ಲ. ಕೊನೆಗೆ ಅಪ್ಪ ಐದು ಕುರ್ಚಿಗಳಲ್ಲಿ ಒಂದನ್ನು ತಾವೇ ಎಳೆದು ತಂದು, ಪುಟ್ಟಮಾದಯ್ಯನವರ ಪಕ್ಕದಲ್ಲಿ ಹಾಕಿಕೊಂಡು ಕೂತರು. ಅಜ್ಜಿ ಇಬ್ಬರಿಗೂ ಕಾಫಿ ತಂದಿಟ್ಟಳು. ಸಂತೆಯಿಂದ ಬರುತ್ತಿದ್ದವರು ಒಬ್ಬೊಬ್ಬರೇ ಬೇಲಿಯ ಹತ್ತಿರ ನಿಂತು ಕಣ್ಣು ಬಿಟ್ಟುಕೊಂಡು ನೋಡಿದರು. ಅಪ್ಪ ಏಳಲಿಲ್ಲ.